ಅಕ್ಕತಂಗಿಯರನ್ನು ಬೇರೆ ಮಾಡಿದ ಒಂದು ಆದೇಶ

೧೯೮೪ರಲ್ಲಿ ನಾನು ಬೆಂಗಳೂರಿನಲ್ಲಿ ಪ್ರೊಬೇಷನ್ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದ ನೆಂಟರು, "ಇನ್ನೂ ಖಾಯಂ ಆಗಿಲ್ವೇನಮ್ಮ?" ಎಂದು ಕನಿಕರಿಸುತ್ತಿದ್ದರು. ಅವರಿಗೆ ಬಿಡಿಸಿ ಹೇಳುವುದೇ ಒಂದು ಕೆಲಸವಾಗಿತ್ತು. ದಿಕ್ಕಿಲ್ಲದ ಮಕ್ಕಳು, ಮನೆ ಬಿಟ್ಟು ಬಂದವರು, ಸಣ್ಣಪುಟ್ಟ ಕಳ್ಳತನದಲ್ಲಿ ಸಿಕ್ಕಿಬಿದ್ದವರು ಮಕ್ಕಳ ನ್ಯಾಯಾಲಯದ ಮುಂದೆ ಬಂದಾಗ ಅವರ ಹಿನ್ನೆಲೆ ವಿಚಾರಿಸಿ, ಯಾವ ಮಗುವನ್ನು ಎಲ್ಲಿ ಇಟ್ಟರೆ ಒಳ್ಳೆಯದು ಎಂದು ಮ್ಯಾಜಿಸ್ಟ್ರೇಟರಿಗೆ ವರದಿ ಕೊಡುವುದು ನನ್ನ ಹೊಣೆ. ತೀರ್ಮಾನವಾಗುವ ತನಕ ಮಕ್ಕಳನ್ನು ಇಟ್ಟುಕೊಳ್ಳುವ ಜಾಗಕ್ಕೆ ಆಗ ರಿಮ್ಯಾಂಡ್ ಹೋಂ ಎನ್ನುತ್ತಿದ್ದರು. ನಗರದ ಪಶ್ಚಿಮದ ಭಾಗ, ಅಂದರೆ ರಾಜಾಜಿನಗರದಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿಯವರೆಗೆ, ನನ್ನ ಪಾಲಿಗೆ ಬಂದಿತ್ತು.

ಆ ವರ್ಷದ ಬೇಸಿಗೆಯಲ್ಲಿ ನಾಯಂಡಹಳ್ಳಿಯಿಂದ ಪೊಲೀಸರು ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದರು. ದೊಡ್ಡವಳು ಸಾವಿತ್ರಿ, ಹನ್ನೊಂದು ವರ್ಷ. ಚಿಕ್ಕವಳು ಪದ್ಮ, ಏಳಿರಬಹುದು. ತಂದೆ ಎಂದೋ ಬಿಟ್ಟುಹೋಗಿದ್ದ. ತಾಯಿ ಹಳೆಯ ಗೋಣಿಚೀಲ ಹೊಲಿಯುವ ಗೋಡೌನೊಂದರಲ್ಲಿ ಕೂಲಿಗಿದ್ದು, ಕ್ಷಯ ಬಂದು ತೀರಿಕೊಂಡಿದ್ದಳು. ತಾಯಿ ಸತ್ತ ಮೇಲೆ ಸಾವಿತ್ರಿ ಅವಳ ಜಾಗದಲ್ಲಿ ಕುಳಿತು ದಬ್ಬಣ ಹಿಡಿದಿದ್ದಳು. ರಾತ್ರಿ ಅಕ್ಕತಂಗಿಯರು ಆ ಚೀಲಗಳ ಮೇಲೆಯೇ ಮಲಗುತ್ತಿದ್ದರು. ಪಕ್ಕದ ಟೀ ಅಂಗಡಿಯ ಹೆಂಗಸು, ಇಬ್ಬರೇ ಹೆಣ್ಣುಮಕ್ಕಳು ಲಾರಿಗಳು ಬಂದುಹೋಗುವ ಜಾಗದಲ್ಲಿ ಮಲಗುವುದು ನೋಡಲಾರದೆ ಠಾಣೆಗೆ ಹೋಗಿ ಹೇಳಿದ್ದಳು.

ರಿಮ್ಯಾಂಡ್ ಹೋಂನಲ್ಲಿ ಸಾವಿತ್ರಿ ತಂಗಿಯ ಕೈಯನ್ನು ಒಂದು ಗಳಿಗೆಯೂ ಬಿಡಲಿಲ್ಲ. ನಾನು ಪದ್ಮಳನ್ನು ಏನು ಕೇಳಿದರೂ ಉತ್ತರ ಸಾವಿತ್ರಿಯದೇ. ಹೆಸರೇನು ಅಂದರೆ ಅವಳೇ ಹೇಳುವಳು, ಹಸಿವಾ ಅಂದರೆ ಅವಳೇ. ತಂಗಿಗೆ ನಾಚಿಕೆ ಜಾಸ್ತಿ, ಹೊಸಬರ ಹತ್ತಿರ ಮಾತಾಡುವುದಿಲ್ಲ ಎಂದಳು. ಮೇಟ್ರನ್ ಕಮಲಮ್ಮ ಒಳ್ಳೆಯ ಹೆಂಗಸು, ಆದರೆ ನಲವತ್ತು ಮಕ್ಕಳಿಗೆ ಊಟ, ಸ್ನಾನ, ಔಷಧಿ ಎಲ್ಲ ಅವರೊಬ್ಬರದೇ. ಹತ್ತು ದಿನ ನೋಡಿ ಅವರು, "ಚಿಕ್ಕದು ಪೆದ್ದು ಮೇಡಂ. ಕರೆದ್ರೆ ಬರಲ್ಲ, ಹೇಳಿದ್ದು ತಲೆಗೆ ಹೋಗಲ್ಲ" ಅಂದರು. ಬಂದುಹೋಗುವ ವೈದ್ಯರೂ ಐದು ನಿಮಿಷ ನೋಡಿ, ಬುದ್ಧಿಮಾಂದ್ಯ ಮಕ್ಕಳ ಸಂಸ್ಥೆಗೆ ಕಳಿಸಬಹುದೆಂದು ಬರೆದರು. ಮುಂದಿನ ಹಿಯರಿಂಗ್‌ನಲ್ಲಿ ಅದಕ್ಕೆ ಆದೇಶವಾಗುವುದಿತ್ತು.

ಆ ಹಿಯರಿಂಗ್‌ಗೆ ಮುಂಚೆ ಒಂದು ಬೆಳಿಗ್ಗೆ ನಾನು ಬೇರೆ ಮಗುವಿನ ಕೆಲಸಕ್ಕೆ ಅಲ್ಲಿಗೆ ಹೋದೆ. ಹಜಾರದಲ್ಲಿ ಪ್ರಾರ್ಥನೆ ನಡೆದಿತ್ತು. ಮಕ್ಕಳೆಲ್ಲ ಸಾಲಾಗಿ ಕೂತು ಕಣ್ಣು ಮುಚ್ಚಿದ್ದರು. ಮುಗಿದ ಮೇಲೆ ಕಮಲಮ್ಮ "ಏಳ್ರೋ" ಎಂದರು. ನಲವತ್ತು ಮಕ್ಕಳು ಒಟ್ಟಿಗೆ ಎದ್ದು ಗಲಾಟೆ ಮಾಡುತ್ತ ತಿಂಡಿಗೆ ಓಡಿದರು. ಪದ್ಮ ಮಾತ್ರ ಕೈಮುಗಿದು ಕಣ್ಣುಮುಚ್ಚಿ ಕೂತೇ ಇದ್ದಳು. ಸಾವಿತ್ರಿ ಅಂದು ತಟ್ಟೆ ಹಂಚಲು ಅಡುಗೆಮನೆಗೆ ಹೋಗಿದ್ದಳು. ಓಡಿಬಂದು ತಂಗಿಯ ಭುಜ ಮುಟ್ಟಿದಳು. ಪದ್ಮ ಆಗ ಕಣ್ಣು ಬಿಟ್ಟು, ಖಾಲಿ ಹಜಾರ ನೋಡಿ ಗಾಬರಿಯಾದಳು.

ನಾನು ಸಾವಿತ್ರಿಯನ್ನು ಹೊರಗೆ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ತಂಗಿಗೆ ಕಿವಿ ಕೇಳುತ್ತದೆಯೇ ಎಂದು ಕೇಳಿದೆ. ಕೇಳುತ್ತೆ ಎಂದಳು. ಮತ್ತೆ ಕೇಳಿದೆ. ಕೇಳುತ್ತೆ ಎಂದಳು, ಆದರೆ ಈ ಸಲ ತಂಗಿ ಇದ್ದ ಹಜಾರದ ಕಡೆ ನೋಡುತ್ತ. ಅವಳನ್ನು ಬುದ್ಧಿ ಬೆಳೆಯದ ಮಕ್ಕಳ ಜೊತೆ ಹಾಕಲು ಹೊರಟಿದ್ದಾರೆ, ನೀನು ನಿಜ ಹೇಳದಿದ್ದರೆ ನನ್ನಿಂದ ತಡೆಯಲು ಆಗುವುದಿಲ್ಲ ಎಂದು ವಿವರಿಸಿದ ಮೇಲೆ ತಲೆ ತಗ್ಗಿಸಿದಳು.

"ಅಮ್ಮ ಹೇಳಿತ್ತು, ಯಾರ್ಗೂ ಹೇಳ್ಬೇಡ, ಹೇಳಿದ್ರೆ ಅವಳನ್ನ ಕರ್ಕೊಂಡು ಹೋಗ್ಬಿಡ್ತಾರೆ ಅಂತ."

ಮುಂದಿನದೆಲ್ಲ ತಾನಾಗಿಯೇ ಬಂತು. ಪದ್ಮ ಹುಟ್ಟಿದಾಗಿನಿಂದ ಹಾಗೆಯೇ. ಇಬ್ಬರ ನಡುವೆ ಅವರದೇ ಕೈಸನ್ನೆಗಳಿದ್ದವು. ಅಕ್ಕ ಅನ್ನುವುದಕ್ಕೆ ಜಡೆ ಎಳೆದು ತೋರಿಸುವುದು, ಅಮ್ಮ ಅನ್ನುವುದಕ್ಕೆ ದಬ್ಬಣ ಚುಚ್ಚಿದಂತೆ ಮಾಡುವುದು. ಹಸಿವು, ನಿದ್ದೆ, ಭಯ, ಲಾರಿ, ನಾಯಿ, ಎಲ್ಲಕ್ಕೂ ಒಂದೊಂದು. ಜಗತ್ತಿನಲ್ಲಿ ಆ ಭಾಷೆ ಬಲ್ಲವರು ಮೂರೇ ಜನ ಇದ್ದರು. ಅವರಲ್ಲಿ ಒಬ್ಬಳು ತೀರಿಕೊಂಡಿದ್ದಳು.

ಸರ್ಕಾರಿ ಆಸ್ಪತ್ರೆಯ ಇ.ಎನ್.ಟಿ. ವಿಭಾಗದಲ್ಲಿ ಆಡಿಯೋಮೆಟ್ರಿ ಮಾಡಿಸಿದೆ. ಎಷ್ಟು ಜೋರಾದ ಶಬ್ದ ಕಿವಿಗೆ ಮುಟ್ಟುತ್ತದೆ ಎಂದು ಅಳೆಯುವ ಪರೀಕ್ಷೆ ಅದು, ಶಬ್ದ ಕೇಳಿದೊಡನೆ ಕೈ ಎತ್ತಬೇಕು. ತೊಂಬತ್ತು ಡೆಸಿಬಲ್ ದಾಟಿದರೂ ಪದ್ಮ ಕೈ ಎತ್ತಲಿಲ್ಲ. ಅಂದರೆ ಪಕ್ಕದಲ್ಲಿ ಲಾರಿ ಹಾರನ್ ಹೊಡೆದರೂ ಅವಳಿಗೆ ಗೊತ್ತಾಗುವುದು ಕಷ್ಟ. ಬುದ್ಧಿಗೆ ಏನೂ ಕೊರತೆಯಿಲ್ಲ ಎಂದ ಡಾಕ್ಟರು ಇನ್ನೊಂದು ಮಾತು ಹೇಳಿದರು. ಕಿವುಡ ಮಕ್ಕಳಿಗೆ ಭಾಷೆ ಕಲಿಸುವುದು ಮೂರು ನಾಲ್ಕನೇ ವರ್ಷಕ್ಕೇ ಶುರುವಾಗಬೇಕು, ಇವಳಿಗೆ ಈಗಾಗಲೇ ತಡ, ಇನ್ನು ಒಂದೆರಡು ವರ್ಷ ಕಳೆದರೆ ಯಾವ ಶಾಲೆಯೂ ಹೆಚ್ಚೇನೂ ಮಾಡಲಾಗದು ಎಂದರು.

ಕೆಂಗೇರಿ ಉಪನಗರದ ಆಚೆ ಒಂದು ಟ್ರಸ್ಟಿನವರು ಕಿವುಡ ಮಕ್ಕಳ ವಸತಿ ಶಾಲೆ ನಡೆಸುತ್ತಿದ್ದರು. ಇಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನಾಯಂಡಹಳ್ಳಿ ಬಂದಾಗ ಪದ್ಮ ಕಿಟಕಿಗೆ ಮುಖ ಒತ್ತಿ, ಗೋಡೌನು ಕಂಡೊಡನೆ ದಬ್ಬಣ ಚುಚ್ಚುವ ಸನ್ನೆ ಮಾಡಿದಳು. ಸಾವಿತ್ರಿ ಅವಳ ಕೈ ಹಿಡಿದು ಕೆಳಗಿಟ್ಟಳು.

ಶಾಲೆಯ ಅಂಗಳದಲ್ಲಿ ಆಗ ಆಟದ ಹೊತ್ತು. ಮಕ್ಕಳು ಕೈಬೀಸಿ, ಬೆರಳು ಕುಣಿಸಿ ಜಗಳವಾಡುತ್ತಿದ್ದರು, ನಗುತ್ತಿದ್ದರು, ದೂರು ಹೇಳುತ್ತಿದ್ದರು. ಪದ್ಮ ಗೇಟಿನಲ್ಲೇ ನಿಂತುಬಿಟ್ಟಳು. ಅಮ್ಮ, ಅಕ್ಕನನ್ನು ಬಿಟ್ಟರೆ ಕೈಯಲ್ಲಿ ಮಾತಾಡುವ ಬೇರೆ ಯಾರನ್ನೂ ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳಷ್ಟೇ ಎತ್ತರದ ಒಬ್ಬಳು ಬಂದು ಕೈಹಿಡಿದು ಎಳೆದಳು. ಅರ್ಧ ಗಂಟೆಯ ಮೇಲೆ ತರಗತಿಯಲ್ಲಿ ನೋಡಿದರೆ, ಸ್ಲೇಟು ಹಿಡಿದು ಟೀಚರ ತುಟಿಯನ್ನೇ ನೋಡುತ್ತ ಕೂತಿದ್ದಳು. ಹೊರಡುವಾಗ ಬೆಂಚು ಬಿಟ್ಟು ಏಳಲಿಲ್ಲ. ಸಾವಿತ್ರಿಯೇ ಹೇಗೋ ಸಮಾಧಾನ ಮಾಡಿ ಎಬ್ಬಿಸಿದಳು.

ವಾಪಸು ಬಸ್ಸಿನಲ್ಲಿ ಪದ್ಮಳ ಕೈಗಳು ಸುಮ್ಮನಿರಲಿಲ್ಲ. ಇಳಿಯುವ ಮುಂಚೆ ಸಾವಿತ್ರಿ, ನನ್ನನ್ನೂ ಅಲ್ಲೇ ಸೇರಿಸುತ್ತೀರಾ ಎಂದು ಕೇಳಿದಳು. ಕಿವಿ ಕೇಳುವ ಮಕ್ಕಳನ್ನು ಅವರು ತೆಗೆದುಕೊಳ್ಳುವುದಿಲ್ಲ ಎಂದೆ. ಅವಳು ನನ್ನ ಕಡೆ ಬಾಗಿದಳು.

"ನಾನೂ ಕೇಳ್ದೇ ಇರೋ ಥರ ಇದ್ರೆ ಮೇಡಂ? ನಂಗೆ ಬರುತ್ತೆ. ಯಾರು ಕರೆದ್ರೂ ತಿರುಗಲ್ಲ."

ನಾನು ಇಬ್ಬರ ಕೈಯನ್ನೂ ಹಿಡಿದು ಬಸ್ಸಿನಿಂದ ಇಳಿಸಿದೆ.

ಇಬ್ಬರನ್ನೂ ಒಂದೇ ಕಡೆ ಇಡಲು ಸಾಧ್ಯವೇ ಎಂದು ನಾನು ಪ್ರಯತ್ನಿಸದೆ ಇರಲಿಲ್ಲ. ಮಕ್ಕಳ ಕಾಯ್ದೆಯಲ್ಲಿ "ಫಿಟ್ ಪರ್ಸನ್" ಎಂಬ ಏರ್ಪಾಡಿತ್ತು. ನಂಬಿಕಸ್ಥರಾದ ಒಬ್ಬರ ಮನೆಗೆ ನ್ಯಾಯಾಲಯವೇ ಮಗುವನ್ನು ಒಪ್ಪಿಸಬಹುದಿತ್ತು. ಅಂಥವರು ಸಿಕ್ಕರೆ ಪದ್ಮ ದಿನಾ ಮನೆಯಿಂದ ಶಾಲೆಗೆ ಹೋಗಿಬರಬಹುದಿತ್ತು. ವಿಜಯನಗರದಲ್ಲಿ ಒಂದು ಮನೆಯವರು ಮುಂದೆ ಬಂದರು, ಆದರೆ ದೊಡ್ಡವಳು ಮಾತ್ರ ಸಾಕು ಎಂದರು. ಮನೆಯಾಕೆ ನನಗೆ ಕಾಫಿ ಕೊಡುತ್ತ ಹುಡುಗಿಗೆ ಪಾತ್ರೆ ತೊಳೆದು ಅಭ್ಯಾಸ ಇದೆಯೇ ಎಂದು ವಿಚಾರಿಸಿದರು. ನಾನು ಎದ್ದು ಬಂದೆ. ಬಸವೇಶ್ವರನಗರದ ದಂಪತಿಗಳು ನಿಜಕ್ಕೂ ಒಳ್ಳೆಯವರು. ದಾವಣಗೆರೆ ಕಡೆಯಿಂದ ಬಂದು ನೆಲೆಸಿದ್ದವರು. ಅವರೂ ಕೊನೆಗೆ, ಕಿವಿ ಕೇಳದ ಮಗುವನ್ನು ಸಾಕುವ ಧೈರ್ಯ ನಮಗಿಲ್ಲ ಎಂದು ಕೈಮುಗಿದರು.

ಉಳಿದದ್ದು ಒಂದೇ ದಾರಿ. ಪದ್ಮ ಕೆಂಗೇರಿಯ ಶಾಲೆಗೆ, ಸಾವಿತ್ರಿ ರಾಜಾಜಿನಗರದ ಹೆಣ್ಣುಮಕ್ಕಳ ನಿಲಯಕ್ಕೆ. ಹಾಗೆಯೇ ವರದಿ ಬರೆದೆ.

ಹಿಯರಿಂಗ್ ದಿನ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಕಾಯ್ದೆಯ ಪ್ರಕಾರ ಸಮಾಜಸೇವಕಿಯೊಬ್ಬರು ಕೂತಿದ್ದರು. ಅವರಿಗೆ ನನ್ನ ವರದಿ ಹಿಡಿಸಲಿಲ್ಲ. ತಾಯಿ ಸತ್ತು ಇನ್ನೂ ವರ್ಷ ತುಂಬಿಲ್ಲ, ಈಗ ಇವರನ್ನು ಬೇರೆ ಮಾಡುವುದು ನಿರ್ದಯ, ಇಬ್ಬರೂ ಒಂದೇ ನಿಲಯದಲ್ಲಿರಲಿ, ಚಿಕ್ಕವಳು ಅಕ್ಕನನ್ನು ನೋಡಿ ಆದಷ್ಟು ಕಲಿಯಲಿ ಎಂದರು. ಅವರ ಮಾತಿನಲ್ಲಿ ಅಂತಃಕರಣವಿತ್ತು. ಡಾಕ್ಟರು ಹೇಳಿದ್ದನ್ನು ನಾನು ಮತ್ತೆ ಹೇಳಿದೆ. ಮ್ಯಾಜಿಸ್ಟ್ರೇಟರು ನಿವೃತ್ತಿಗೆ ಹತ್ತಿರವಾಗಿದ್ದ ಗಂಭೀರ ಮನುಷ್ಯರು. ಇಬ್ಬರ ಮಾತೂ ಕೇಳಿ ಕನ್ನಡಕ ತೆಗೆದಿಟ್ಟರು. ಚಿಕ್ಕ ಮಗುವನ್ನೇ ಕೇಳೋಣ ಎಂದರು.

ಶಾಲೆಯಿಂದ ಟೀಚರೊಬ್ಬರು ಬರಬೇಕಿತ್ತು, ಬಂದಿರಲಿಲ್ಲ. ಪದ್ಮಳ ಸನ್ನೆ ಅರ್ಥವಾಗುವುದು ಆ ಕೋಣೆಯಲ್ಲಿ ಸಾವಿತ್ರಿಗೆ ಮಾತ್ರ. ಮ್ಯಾಜಿಸ್ಟ್ರೇಟರು ಅವಳನ್ನೇ ಮುಂದೆ ಕರೆದು, ತಂಗಿಗೆ ಎಲ್ಲಿರಲು ಇಷ್ಟ ಎಂದು ಕೇಳಲು ಹೇಳಿದರು.

ಸಾವಿತ್ರಿ ತಂಗಿಯ ಎದುರು ಮಂಡಿಯೂರಿ ಕೂತು ಕೈಯಾಡಿಸಿದಳು. ಪದ್ಮ ತಡಮಾಡಲಿಲ್ಲ. ಎದೆ ಮುಟ್ಟಿಕೊಂಡಳು, ಅಂಗೈ ಮೇಲೆ ಬೆರಳಿನಿಂದ ಬರೆದಳು, ಕೆನ್ನೆಗೆ ಕೈಯಿಟ್ಟು ಮಲಗಿದಂತೆ ಮಾಡಿದಳು. ಆಮೇಲೆ ಜಡೆ ಎಳೆದು ತೋರಿಸಿ, ಎರಡು ಬೆರಳುಗಳನ್ನು ಮೇಜಿನ ಅಂಚಿನಲ್ಲಿ ನಡೆಸಿಕೊಂಡು ಬಂದು, ಮತ್ತೆ ವಾಪಸು ನಡೆಸಿಕೊಂಡು ಹೋದಳು. ನನಗೆ ಅರ್ಧಂಬರ್ಧ ಊಹೆಯಾಯಿತು, ಅಷ್ಟೆ. ಸಾವಿತ್ರಿ ಏನು ಹೇಳಿದರೂ ಅದೇ ದಾಖಲಾಗುತ್ತಿತ್ತು. ಅವಳು ಎದ್ದು ನಿಂತು ಗೋಡೆಯನ್ನು ನೋಡಿದಳು.

"ಅವಳಿಗೆ ಆ ಸ್ಕೂಲೇ ಬೇಕಂತೆ ಸಾರ್. ಅಲ್ಲೇ ಮಲ್ಕೊಂತಾಳಂತೆ. ನಾನು ಬಂದು ನೋಡ್ಕೊಂಡು ಹೋದ್ರೆ ಸಾಕಂತೆ."

ಸಮಾಜಸೇವಕಿ ತಲೆ ಬಗ್ಗಿಸಿದರು. ಮ್ಯಾಜಿಸ್ಟ್ರೇಟರು, ಅದು ತಂಗಿಯ ಮಾತಾಯಿತು, ನಿನಗೇನು ಬೇಕು ಎಂದರು. ಭಾನುವಾರ ಭಾನುವಾರ ಅವಳನ್ನು ನೋಡಲು ಬಿಡಬೇಕು ಎಂದಳು ಸಾವಿತ್ರಿ. "ಅದೂ ಅವಳದೇ ಆಯ್ತಲ್ಲಮ್ಮ. ನಿನಗೆ?" ಎಂದರು ಅವರು.

ಈ ಪ್ರಶ್ನೆಗೆ ಅವಳು ತಯಾರಿರಲಿಲ್ಲ. ಮಕ್ಕಳನ್ನು ಕರೆತಂದಿದ್ದ ಕಮಲಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಮೆಲ್ಲಗೆ ಕೇಳಿದಳು, "ನಾನೂ ಓದಬೋದಾ ಸಾರ್?"

ವಸತಿ ಶಾಲೆಯ ನಿಯಮದಲ್ಲಿ ತಿಂಗಳಿಗೊಮ್ಮೆ ಮಾತ್ರ ಭೇಟಿ. ಮ್ಯಾಜಿಸ್ಟ್ರೇಟರು ಪ್ರತಿ ಭಾನುವಾರ ಎಂದು ಆದೇಶದಲ್ಲೇ ಬರೆಸಿದರು. ಕರೆದೊಯ್ಯುವ ಹೊಣೆ ಪ್ರೊಬೇಷನ್ ಆಫೀಸರದು ಎಂದೂ ಸೇರಿಸಿದರು. ಹಾಗಾಗಿ ಎರಡು ವರ್ಷ ನನ್ನ ಬಹುಪಾಲು ಭಾನುವಾರಗಳು ಮೈಸೂರು ರಸ್ತೆಯ ಬಸ್ಸಿನಲ್ಲಿ ಕಳೆದವು.

ಬಿಟ್ಟುಬಂದ ದಿನ ಪದ್ಮ ಅಳಲಿಲ್ಲ. ಸಾವಿತ್ರಿಯೂ ಅಳಲಿಲ್ಲ. ಆದರೆ ನಿಲಯದಲ್ಲಿ ಎಷ್ಟೋ ವಾರ ಅವಳು ಊಟಕ್ಕೆ ಕೂತಾಗ ಪಕ್ಕದಲ್ಲಿ ಜಾಗ ಬಿಟ್ಟೇ ಕೂರುತ್ತಿದ್ದಳಂತೆ. ಹನ್ನೊಂದು ವರ್ಷದವಳು ಮೂರನೇ ತರಗತಿಯಲ್ಲಿ ತನಗಿಂತ ಗಿಡ್ಡ ಮಕ್ಕಳ ಜೊತೆ ಕೂತು ಅಕ್ಷರ ತಿದ್ದಿದಳು. ಅವಮಾನವೆನಿಸಿತ್ತೋ ಏನೋ, ಹೇಳಲಿಲ್ಲ. ಕುಂಟೆಬಿಲ್ಲೆ ಆಡುವುದನ್ನು ಅಲ್ಲಿಯೇ ಕಲಿತಳು. ಅದನ್ನು ನನಗೆ ಬಹಳ ಸಂಕೋಚದಿಂದ ಹೇಳಿದಳು, ಏನೋ ತಪ್ಪು ಮಾಡಿದವಳಂತೆ.

ಒಂದು ವರ್ಷ ಕಳೆದ ಮೇಲೆ ಒಂದು ಭಾನುವಾರ ಅವಳು ಶಾಲೆಯ ಅಂಗಳದಿಂದ ಬೇಗನೆ ಹೊರಗೆ ಬಂದಳು. ಮುಖ ಬಾಡಿತ್ತು. ಪದ್ಮ ಗೆಳತಿಯರ ಜೊತೆ ಕೈಯಲ್ಲಿ ಅಷ್ಟು ವೇಗವಾಗಿ ಮಾತಾಡುತ್ತಿದ್ದಳಂತೆ.

"ಈಗ ಅವಳು ಏನಂತಾಳೆ ಅಂತ ನಂಗೇ ಅರ್ಥ ಆಗಲ್ಲ ಮೇಡಂ."

ನಾನು ಸಮಾಧಾನ ಹೇಳುವಷ್ಟರಲ್ಲಿ ಪದ್ಮ ಹುಡುಕಿಕೊಂಡು ಓಡಿಬಂದಳು. ಅಕ್ಕನ ಮುಖ ನೋಡಿ ಏನಾಯಿತೆಂದು ಅವಳಿಗೆ ತಿಳಿಯಿತು. ಪಕ್ಕದಲ್ಲಿ ಕೂತು, ಸಾವಿತ್ರಿಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಚಿ, ಬಿಡಿಸಿ, ಹೊಸ ಸನ್ನೆಗಳನ್ನು ಕಲಿಸತೊಡಗಿದಳು. ತಪ್ಪಾದಾಗ ತಲೆಯಾಡಿಸಿ ಮತ್ತೆ ಮಡಚುವಳು. ಬಸ್ಸು ತಪ್ಪಿತು. ನಾನು ಅವರನ್ನು ಎಬ್ಬಿಸಲಿಲ್ಲ.

೧೯೮೬ರಲ್ಲಿ ನನಗೆ ವರ್ಗವಾಯಿತು. ಆಮೇಲೆ ಪತ್ರ, ಹಬ್ಬಕ್ಕೊಮ್ಮೆ ಭೇಟಿ. ಪದ್ಮ ಅದೇ ಶಾಲೆಯಲ್ಲಿ ಓದು ಮುಗಿಸಿ, ಬೈಂಡಿಂಗ್ ಕೆಲಸ ಕಲಿತು ಪ್ರೆಸ್ಸೊಂದಕ್ಕೆ ಸೇರಿದಳು. ಸಾವಿತ್ರಿ ಎಸ್.ಎಸ್.ಎಲ್.ಸಿ.ಯನ್ನು ಎರಡನೇ ಸಲಕ್ಕೆ ದಾಟಿ, ನರ್ಸಿಂಗ್ ಹೋಂ ಒಂದರಲ್ಲಿ ಆಯಾ ಆಗಿ ಸೇರಿ, ಆಮೇಲೆ ನರ್ಸ್ ತರಬೇತಿ ಪಡೆದಳು. ಅವಳ ಮದುವೆಗೆ ಹೋಗಿದ್ದಾಗ, ಊಟವಾದ ಮೇಲೆ ಇಬ್ಬರೇ ಕೂತಿದ್ದೆವು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಅಂದು ಮ್ಯಾಜಿಸ್ಟ್ರೇಟರ ಮುಂದೆ ಬೇರೆ ಏನಾದರೂ ಹೇಳಿಬಿಡೋಣ ಎಂದು ಅನ್ನಿಸಲಿಲ್ಲವೇ?

"ಅನ್ನಿಸ್ತು ಮೇಡಂ. ಬಾಯಿಗೂ ಬಂದಿತ್ತು. ಆದ್ರೆ ಅವಳಿಗೆ ಇದ್ದಿದ್ದು ನನ್ನ ಬಾಯೊಂದೇ ಅಲ್ವಾ. ಅದೂ ಸುಳ್ಳು ಹೇಳಿದ್ರೆ ಅವಳು ಇನ್ಯಾರ ಹತ್ರ ಹೋಗ್ಬೇಕು?"

ಆ ಆದೇಶದ ನಂತರ ನಿವೃತ್ತಿಯಾಗುವವರೆಗೆ ನೂರಾರು ಮಕ್ಕಳ ವರದಿ ಬರೆದಿದ್ದೇನೆ. ಒಡಹುಟ್ಟಿದವರಿಗೆ ಒಂದೇ ವರದಿ ಸಾಕು ಎನ್ನುವುದು ಇಲಾಖೆಯ ಪದ್ಧತಿ. ಸಾವಿತ್ರಿಯ ಪ್ರಕರಣದ ನಂತರ ನಾನು ಪ್ರತಿ ಮಗುವಿಗೂ ಬೇರೆ ಬೇರೆ ಬರೆಯತೊಡಗಿದೆ. ಮೇಲಿನವರು ಕಾಗದ ದಂಡ ಎಂದು ಗೊಣಗಿದ್ದುಂಟು. ಮನೆಯಿಲ್ಲದ ಮಕ್ಕಳಲ್ಲಿ ದೊಡ್ಡದು ಯಾವಾಗಲೂ ತಾಯಿಯ ಜಾಗದಲ್ಲಿ ನಿಂತಿರುತ್ತದೆ, ನಾವು ಅದನ್ನು ಮೆಚ್ಚಿ ಅಲ್ಲೇ ನಿಲ್ಲಿಸಿಬಿಡುತ್ತೇವೆ. ಅದರ ಹತ್ತಿರ ಕೂತು, ತಮ್ಮ ತಂಗಿಯರ ಮಾತು ಬಿಟ್ಟು ನಿನಗೇನು ಬೇಕು ಹೇಳು ಎಂದು ಕೇಳಿ, ಉತ್ತರ ಬರುವ ತನಕ ಕಾಯುವುದನ್ನು ನನ್ನ ಕೆಲಸದ ಮೊದಲ ನಿಯಮವಾಗಿ ಇಟ್ಟುಕೊಂಡೆ. ಬಹಳಷ್ಟು ಮಕ್ಕಳು ತಕ್ಷಣ ಏನೂ ಹೇಳುತ್ತಿರಲಿಲ್ಲ. ನಾನು ಮಾರನೆಯ ದಿನ ಮತ್ತೆ ಹೋಗಿ ಕೇಳುತ್ತಿದ್ದೆ.