ಮ್ಯೂರಿಯಲ್‌ಳ ಗ್ಯಾಸ್ ಒಲೆ

ಮ್ಯೂರಿಯಲ್ ಹ್ಯಾಲಮ್‌ಗೆ ಬೇಕಾಗಿದ್ದದ್ದು ಒಂದು ಗ್ಯಾಸ್ ಒಲೆ. ಅವಳು ಬಂಗಲೆ ಕೇಳಲಿಲ್ಲ, ತುಪ್ಪಳದ ಕೋಟು ಕೇಳಲಿಲ್ಲ. ಬೆಂಕಿ ಕಣ್ಣಿಗೆ ಕಾಣುವ, ತಿರುಗಿಸಿದ ಕೂಡಲೇ ತಗ್ಗುವ ಒಂದು ಒಲೆ ಕೇಳಿದಳು. ಅಷ್ಟನ್ನು ಕೊಡಿಸಲು ಗಂಡ ಕ್ಲಿಫರ್ಡ್‌ಗೆ ಮದುವೆಯಾದಾಗಿನಿಂದ ಆಗಿರಲಿಲ್ಲ. ದುಡ್ಡಿಲ್ಲದೆ ಅಲ್ಲ, ಮರ್ಯಾದೆಯ ಪ್ರಶ್ನೆಯಂತೆ.

ಕ್ಲಿಫರ್ಡ್ ಟ್ರೆಂಟ್ ನದಿಯ ದಂಡೆಯ ಸಬ್‌ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ವಿದ್ಯುತ್ ಮಂಡಳಿ ತನ್ನ ಕೆಲಸಗಾರರಿಗೆಂದು ಕಟ್ಟಿಸಿದ ಬೀದಿಯಲ್ಲೇ ಅವರ ಮನೆ. ಅಲ್ಲಿ ಕೆಟಲ್, ಒಲೆ, ಹೀಟರು ಎಲ್ಲವೂ ಕರೆಂಟಿನವೇ. ಊರಿನ ಇನ್ನೊಂದು ತುದಿಯಲ್ಲಿ ಗ್ಯಾಸ್ ಮಂಡಳಿಯವರಿದ್ದರು. ಇಬ್ಬರೂ ಸರ್ಕಾರದ ಸಂಬಳವನ್ನೇ ತಿನ್ನುತ್ತಿದ್ದರೂ ಪಬ್ಬಿನಲ್ಲಿ ಒಂದೇ ಮೇಜಿಗೆ ಕೂರುತ್ತಿರಲಿಲ್ಲ. ಕರೆಂಟಿನವನ ಮನೆಯಲ್ಲಿ ಗ್ಯಾಸ್ ಒಲೆ ಇದೆಯೆಂದು ಗೊತ್ತಾದರೆ ಅವನು ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ. ಗಂಡಸರು ತಾವೇ ಕಟ್ಟಿಕೊಂಡ ಕಟ್ಟಳೆ. ಬೇಯಿಸುವವರು ಮಾತ್ರ ಹೆಂಗಸರು.

ಕರೆಂಟಿನ ಒಲೆಯ ತಟ್ಟೆ ಕಾಯುವುದಕ್ಕೂ ನಿಧಾನ, ಆರುವುದಕ್ಕೂ ನಿಧಾನ. ಹಾಲು ಉಕ್ಕುವಾಗ ಆರಿಸಿದರೂ ಉಕ್ಕಿಯೇ ತೀರುತ್ತಿತ್ತು. ಪ್ರತಿ ಜನವರಿಯಲ್ಲಿ ಕಿತ್ತಳೆಯ ಮಾರ್ಮಲೇಡ್ ಪಾಕ ತಳ ಹಿಡಿಯುತ್ತಿತ್ತು. ಕಲ್ಲಿದ್ದಲು ಗಣಿಯ ಕಾರ್ಮಿಕರು ಮುಷ್ಕರ ಹೂಡಿದ ಚಳಿಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋದಾಗ, ಮ್ಯೂರಿಯಲ್ ಹಸಿ ಹಿಟ್ಟಿನ ಮಾಂಸದ ಪೈಯನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಊರಿನ ಹಳೇ ಬೀದಿಯಲ್ಲಿದ್ದ ತಂಗಿಯ ಮನೆಗೆ ಹೊತ್ತೊಯ್ದಳು. ಅಲ್ಲಿ ಗ್ಯಾಸ್ ಇತ್ತು. ಬಿಸಿ ಪೈ ತಂದರೆ ಕ್ಲಿಫರ್ಡ್ ಮುಟ್ಟಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ತಣ್ಣಗಿನ ಹ್ಯಾಮ್ ಅಗಿಯುತ್ತ, ಯುದ್ಧ ಗೆದ್ದವನ ಹಾಗೆ ಬೀಗಿ ಕೂತ. ಪೈಯನ್ನು ಅವನ ತಲೆಯ ಮೇಲೆ ಮಗುಚಬೇಕು ಅನ್ನಿಸಿತು ಅವಳಿಗೆ.

ಕೆಲವು ವರ್ಷಗಳ ಮೇಲೆ ಗ್ಯಾಸಿನವರು ಕೊಳವೆ ಹಾಕಲೆಂದು ಬೀದಿ ಅಗೆಯಲು ಬಂದರು. ಕ್ಲಿಫರ್ಡ್ ಮನೆ ಮನೆ ತಿರುಗಿದ. ಎಲ್ಲರೂ ಬೇಡವೆಂದರು. ಕೊಳವೆ ಬೀದಿಯ ಮೂಲೆಗೆ ಬಂದು ನಿಂತಿತು. ಅವತ್ತು ಮ್ಯೂರಿಯಲ್ ಜಗಳ ತೆಗೆದಳು. "ನಾಳೆ ಯಾವ ಮುಖ ಇಟ್ಕೊಂಡು ಕೆಲಸಕ್ಕೆ ಹೋಗ್ಲಿ?" ಎಂದ ಅವನು.

ಆಮೇಲೆ ಸರ್ಕಾರ ವಿದ್ಯುತ್ ಮಂಡಳಿಯನ್ನೇ ಹರಿದು ಹಂಚಿ ಮಾರಿತು. ಕ್ಲಿಫರ್ಡ್‌ನ ಸಬ್‌ಸ್ಟೇಷನ್ ಒಂದು ಖಾಸಗಿ ಕಂಪನಿಯ ಪಾಲಾಯಿತು. ವ್ಯಾನಿನ ಬಣ್ಣ, ಕೋಟಿನ ಮೇಲಿನ ಗುರುತು ಎಲ್ಲ ಬದಲಾದವು. ಅಡುಗೆಮನೆಯಲ್ಲಿ ಮಾತ್ರ ಅದೇ ತಟ್ಟೆ, ಅದೇ ಹಾಲು.

ಕ್ಲಿಫರ್ಡ್ ನಿವೃತ್ತನಾಗಿದ್ದ. ಒಂದು ಬೆಳಿಗ್ಗೆ ರೇಡಿಯೋದ ಸುದ್ದಿ ಕೇಳಿ ಅವನ ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಅವನ ಕಂಪನಿಯೂ ಗ್ಯಾಸ್ ಕೊಳವೆಗಳ ಕಂಪನಿಯೂ ಒಂದಾಗಿದ್ದವು.

"ಹಾಗಾದ್ರೆ ನೀನೂ ಗ್ಯಾಸಿನವನೇ ಆದೆ," ಎಂದಳು ಮ್ಯೂರಿಯಲ್.

ಅವನು ರೇಡಿಯೋ ಆರಿಸಿದ. ಕ್ರಿಸ್ಮಸ್ಸಿಗೆ ನಿವೃತ್ತರಿಗೆಲ್ಲ ಕಂಪನಿ ಒಟ್ಟಿಗೆ ಊಟ ಹಾಕಿತು. ಕ್ಲಿಫರ್ಡ್‌ನ ಪಕ್ಕ ಒಬ್ಬ ಗ್ಯಾಸಿನ ಮುದುಕ ಕೂತಿದ್ದನಂತೆ. ಮನೆಗೆ ಬಂದು ಟೋಪಿ ತೆಗೆಯುತ್ತ, ಆ ಮುದುಕನೂ ತನ್ನ ಹಾಗೆಯೇ, ಹೆಂಡತಿಗೆ ಕರೆಂಟಿನ ಕೆಟಲ್ ಕೊಡಿಸಿಯೇ ಇಲ್ಲವಂತೆ ಎಂದು ಹೇಳಿದ. ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ, "ನಿನ್ನ ಒಲೆ ತರೋಣ ಬಿಡು," ಎಂದ.

ಆದರೆ ಕೊಳವೆ ಇದ್ದದ್ದು ಮೂಲೆಯಲ್ಲಿ. ಬೀದಿಯ ಬಹುಪಾಲು ಮನೆಗಳು ಒಪ್ಪಿದರೆ ಮಾತ್ರ ಒಳಗೆ ತರುವುದಾಗಿ ಗ್ಯಾಸಿನವರು ಫೋನಿನಲ್ಲಿ ಹೇಳಿದರು. ಬಾಗಿಲು ಮುಚ್ಚಿಸಿದವನೇ ಹೋಗಿ ಬಡಿಯಲಿ ಎಂದು ಮ್ಯೂರಿಯಲ್ ಗಂಡನನ್ನು ಎಬ್ಬಿಸಿದಳು. ಎಲ್ಲಿ ಅರ್ಧದಾರಿಯಿಂದ ವಾಪಸ್ಸು ಬರುತ್ತಾನೋ ಎಂದು ತಾನೂ ಕೋಟು ತೊಟ್ಟು ಹೊರಟಳು.

ಮೊದಲ ಬಾಗಿಲು ಪಕ್ಕದ ಮನೆಯ ಬೆರಿಲ್‌ಳದು. ಗಂಡ ತೀರಿಕೊಂಡು ಒಬ್ಬಳೇ ಇದ್ದಳು. ಕ್ಲಿಫರ್ಡ್ ತಡವರಿಸುತ್ತ ವಿಷಯ ಹೇಳಿದ. ಬೆರಿಲ್ ಅವನನ್ನು ನೋಡಲೇ ಇಲ್ಲ.

"ಈಗ ಬೇಕಾಯ್ತೇನೇ ನಿನಗೆ?" ಎಂದಳು ಮ್ಯೂರಿಯಲ್‌ಗೆ. "ನಿನ್ನಿಂದಾಗಿ ನಾವೆಲ್ಲ ಆ ದರಿದ್ರ ತಟ್ಟೆ ಮುಂದೆ ಕಾದ್ವಲ್ಲ ತಾಯಿ."

"ನನ್ನಿಂದ?"

"ಮತ್ತೆ? ಗ್ಯಾಸ್ ಅಂದ್ರೆ ಮ್ಯೂರಿಯಲ್‌ಗೆ ಜೀವಭಯ, ಪಕ್ಕದ ಮನೇಲಿದ್ರೂ ರಾತ್ರಿ ನಿದ್ದೆ ಮಾಡಲ್ಲ ಅಂತ ಇವನು ಬಾಗಿಲು ಬಾಗಿಲಿಗೂ ಬಂದು ಹೇಳಿದ್ದನಲ್ಲ. ನಮಗೆಲ್ಲ ಬೇಕಿತ್ತು. ನಿನ್ನ ಮುಖ ನೋಡಿ ಬೇಡ ಅಂದ್ವಿ."

ಮ್ಯೂರಿಯಲ್ ಗಂಡನ ಕಡೆ ತಿರುಗಿದಳು. ಅವನು ಬೆರಿಲ್‌ಳ ಗುಲಾಬಿ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಆ ಬೀದಿಯ ಹೆಂಗಸರು ಇಷ್ಟು ವರ್ಷ ತನ್ನೊಡನೆ ಯಾಕೆ ಬಿಗಿಯಾಗಿ ಮಾತಾಡುತ್ತಿದ್ದರು ಎಂಬುದು ಅವಳಿಗೆ ಆಗ ಹೊಳೆಯಿತು. ಉಳಿದ ಬಾಗಿಲುಗಳನ್ನು ಅವಳೇ ಬಡಿದಳು. ಪ್ರತಿ ಬಾಗಿಲಲ್ಲೂ, ತನಗೆ ಯಾವತ್ತೂ ಭಯವಿರಲಿಲ್ಲವೆಂದು ಗಂಡನ ಬಾಯಿಂದಲೇ ಹೇಳಿಸಿದಳು. ಬೇಡ ಎಂದವರು ಒಬ್ಬರೂ ಇಲ್ಲ.

ಬೇಸಿಗೆಯಲ್ಲಿ ಒಲೆ ಬಂತು. ಮ್ಯೂರಿಯಲ್ ನೀಲಿ ಉರಿಯನ್ನು ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಕಣ್ಣು ತುಂಬಿಬಂತು. ಮೊಟ್ಟೆ, ಹಂದಿಮಾಂಸದ ಬೇಕನ್ ಹುರಿದು ಗಂಡನ ಮುಂದಿಟ್ಟಳು.

ಕ್ಲಿಫರ್ಡ್ ಅರ್ಧ ತಿಂದು ಒಲೆಯತ್ತ ತಲೆದೂಗಿದ.

"ಚೆನ್ನಾಗಿದೆ ಕಣೇ. ನಾವು ಇದನ್ನ ಮೊದಲೇ ತರಬಹುದಿತ್ತು ನೋಡು."

ಮ್ಯೂರಿಯಲ್ ಅರ್ಧ ತಿಂದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿ ಬದಿಗಿಟ್ಟು, ಬಾಣಲೆಗೆ ಇನ್ನೆರಡು ಮೊಟ್ಟೆ ಒಡೆದು, ಗೋಡೆಯಾಚೆಯ ಬೆರಿಲ್‌ಳನ್ನು ತಿಂಡಿಗೆ ಕರೆದಳು.