ಬಿಳಿ ಚುಕ್ಕೆಗಳ ತಾತ

"ಅಮ್ಮಾ, ಸೆಲ್ವರಾಜ್ ತಾತ ಮನುಷ್ಯರನ್ನ ಯಾಕೆ ಒಣಗಾಕ್ತಾರೆ?" ಅಂತ ಮಗಳು ಕೇಳಿದಳು. ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಈ ತಾತ ಜನರ ಚಿತ್ರಗಳಿರುವ ಹಳೇ ಕಪ್ಪು-ಬಿಳುಪು ಫಿಲ್ಮ್ ತೊಳೆದು, ಬಟ್ಟೆ ಕ್ಲಿಪ್ ಹಾಕಿ ಬಚ್ಚಲ ತಂತಿಗೆ ನೇತುಹಾಕುತ್ತಾರೆ. ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ, ಫಿಲ್ಮನ್ನು ಕಂಪ್ಯೂಟರಿಗೆ ಏರಿಸುವ ಸ್ಕ್ಯಾನರಿಗೆ ಸೀರೆ ಹೊದಿಸಿ, ಕೂಸು ಮಲಗಿಸಿದವರ ಹಾಗೆ "ಶ್, ಧೂಳು ಕೂರ್ಲಿ ಇರಮ್ಮಾ" ಅಂತಾರೆ. ಆಮೇಲೆ ಮಧ್ಯಾಹ್ನವೆಲ್ಲ ಕಂಪ್ಯೂಟರಿನಲ್ಲಿ ಧೂಳಿನ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತಾರೆ; ಪ್ರಿಂಟಿನಲ್ಲಿ ಮುಖಗಳು ಆಗಷ್ಟೇ ನಿದ್ದೆಯಿಂದ ಎದ್ದಂತಿರುತ್ತವೆ. ನಿನ್ನೆ ನನಗೆ ತೋರಿಸಿದ ಪ್ರಿಂಟಿನಲ್ಲಿ, ಈಗಿಲ್ಲದ ಅವರ ಹೆಂಡತಿ ಸೆಲ್ವಿಯ ಮೂಗು ಬೋಳಾಗಿತ್ತು. ಮೂಗುಬೊಟ್ಟಿನ ಹೊಳಪನ್ನೂ ಧೂಳೆಂದು ಅಳಿಸಿಬಿಟ್ಟಿದ್ದರು. "ಕಣ್ಣು ಮಂಜಾಗೈತಮ್ಮಾ. ನಾಳೆ ಇನ್ನೊಂದ್ಸಲ ಸ್ಕ್ಯಾನ್ ಮಾಡ್ತೀನಿ, ಪಕ್ಕದಲ್ಲಿ ಕೂತ್ಕೋ. ಅವಳ ಮೂಗಿನ ತಾವ ಬಂದಾಗ ನನ್ ಕೈ ಹಿಡ್ಕೊಂಬಿಡು" ಅಂದರು.