ಪೊನ್ನಂಪೇಟೆಯಲ್ಲಿ ಹೊಗೆ ತೆಳುವಾದ ದಿನ

ಕುಶಾಲನಗರದಲ್ಲಿ ಬೆಳಿಗ್ಗೆ ಆರೂವರೆಯ ಸರ್ಕಾರಿ ಬಸ್ಸು ಹತ್ತಿದೆ. ಟಿಕೆಟ್ಟಿನ ಮೇಲೆ ಸೊನ್ನೆ ರೂಪಾಯಿ, ಮಡಿಲಲ್ಲಿ ಸ್ಪ್ಯಾನರಿನ ಚೀಲ. ನೆಲ್ಯಹುದಿಕೇರಿಯ ಸೇತುವೆ ದಾಟುವಾಗ ಮಂಜಿನಲ್ಲಿ ಕಾವೇರಿ ಕಾಣಲೇ ಇಲ್ಲ. ಬಸ್ಸು ಮೋಡದ ಮೇಲೆ ತೇಲಿದಂತಿತ್ತು. ಅಲ್ಲಿನ ತೋಟದ ಕೂಲಿಯವರ ಲೈನ್‌ಮನೆಯಲ್ಲೇ ನಾನು ಹುಟ್ಟಿದ್ದು. ಅವ್ವ ಕಾಫಿ ಕುಯ್ದು ನನ್ನನ್ನು ಎಂಜಿನಿಯರ್ ಮಾಡಿದಳು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಒಬ್ಬಳೇ ಹೊರಟ ಮೊದಲ ಕೆಲಸವೂ ಇದೇ.

ಪೊನ್ನಂಪೇಟೆ ತಲುಪಿದಾಗ ಒಂಬತ್ತು. ಹತ್ತಿರದ ಎಸ್ಟೇಟಿನ ಡೀಸೆಲ್ ಜನರೇಟರಿಗೆ ನಮ್ಮ ಕಂಪನಿಯವರು ಗ್ಯಾಸ್ ಕಿಟ್ ಕೂರಿಸಿದ್ದರು. ಚಾಲೂ ಮಾಡಿ ತೋರಿಸುವುದು ನನ್ನ ಪಾಲಿಗೆ ಬಂದಿತ್ತು. ನೈಸರ್ಗಿಕ ಅನಿಲದ ಸಿಲಿಂಡರುಗಳು ಶೆಡ್ಡಿನ ಹೊರಗೆ ಇಬ್ಬನಿಯಲ್ಲಿ ತೋಯ್ದು ನಿಂತಿದ್ದವು. ಕರೆಂಟ್ ಇರಲಿಲ್ಲ. ಕುಯ್ದ ಕಾಫಿ ಹಣ್ಣಿನ ರಾಶಿಯಿಂದ ಆಗಲೇ ಹುಳಿವಾಸನೆ ಏಳುತ್ತಿತ್ತು.

"ಸಂಜೆಯೊಳಗೆ ಇಷ್ಟೂ ಪಲ್ಪ್ ಆಗ್ಬೇಕು ಮೇಡಂ," ಎಂದರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೂವಯ್ಯ. "ಎಂಜಿನ್ ನಿಂತ್ರೆ ಕಿಟ್ ಬಿಚ್ಕೊಂಡು ಹೋಗ್ಲಿ ಅಂದಿದ್ದಾರೆ ಓನರ್."

ವರ್ಷಗಳಿಂದ ಆ ಎಂಜಿನ್ ಓಡಿಸಿದ ಕೇರಳದ ಹಂಸಾಕನಿಗೆ ಡೀಸೆಲ್ ಎಷ್ಟು, ಗ್ಯಾಸ್ ಎಷ್ಟು ಎಂಬ ಶೇಕಡಾವಾರು ವಿವರಿಸಿ, ಗ್ಯಾಸ್ ಬಿಟ್ಟೆ. ಕಪ್ಪು ಹೊಗೆ ತೆಳುವಾಗಿ ಮಂಜಿನೊಳಗೆ ಕರಗಿತು. ಎಂಜಿನ್ ನಿದ್ದೆಯಲ್ಲಿ ಗುನುಗಿದಂತೆ ಓಡಿತು. ಪಲ್ಪರಿನಲ್ಲಿ ಹಣ್ಣು ಸಿಪ್ಪೆ ಬಿಟ್ಟು ಹರಿಯುವುದನ್ನು ನೋಡುತ್ತ ಮೈಮರೆತೆ.

ತಟ್ಟನೆ ಎಲ್ಲ ನಿಶ್ಶಬ್ದ.

ಓಡಿ ಬಂದರೆ ಡೀಸೆಲ್ ಪೈಪಿನ ಕಾಕ್ ಮುಚ್ಚಿತ್ತು. "ನಾನೇ ಮುಚ್ಚಿದ್ದು," ಎಂದ ಹಂಸಾಕ. "ಗ್ಯಾಸ್ ಬಂತಲ್ಲ, ಇನ್ನು ಡೀಸೆಲ್ ಯಾಕೆ ದಂಡ?"

"ಒಲೆಗೆ ಸೌದೆ ತುಂಬಿದ್ರೆ ಸಾಕಾ ಹಂಸಾಕ, ಬೆಂಕಿಕಡ್ಡಿ ಬೇಡ್ವಾ? ಆ ಚೂರು ಡೀಸೆಲ್ಲೇ ಗ್ಯಾಸಿಗೆ ಬೆಂಕಿ ಹಚ್ಚೋದು."

"ಇದನ್ನ ಬೆಳಿಗ್ಗೇನೇ ಹೇಳ್ಬಾರ್ದಾ ಮೋಳೇ? ಪರ್ಸೆಂಟು ಪರ್ಸೆಂಟು ಅಂತ ಪಾಠ ಮಾಡಿದ್ಯಲ್ಲ!"

ಪೂವಯ್ಯ ಗಡಿಯಾರ ನೋಡಿಕೊಂಡರು. ತಪ್ಪು ನನ್ನದೇ.

ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಹಂಸಾಕ ನನ್ನ ಸ್ಪ್ಯಾನರ್ ಕಸಿದುಕೊಂಡು, ಗಾಳಿ ಹೊರಹೋಗಲು ಸ್ಕ್ರೂ ಸಡಿಲಿಸಿದ. ನಾನು ಕೈಪಂಪು ಒತ್ತಿದೆ. ಗುಳ್ಳೆ ನಿಂತು ತಿಳಿ ಡೀಸೆಲ್ ಬರುವವರೆಗೂ ಒತ್ತುತ್ತಲೇ ಇದ್ದೆ. ಎಂಜಿನ್ ಮತ್ತೆ ಗುನುಗಿತು. ಹಂಸಾಕ ಸೀಮೆಸುಣ್ಣದಲ್ಲಿ ಕಾಕ್ ಪಕ್ಕದ ಗೋಡೆಗೆ ಬರೆದ: 'ಬೆಂಕಿಕಡ್ಡಿ. ಮುಟ್ಬೇಡಿ.'

ಸಂಜೆಯ ಬಸ್ಸಿನಿಂದ ತಿರುಗಿ ನೋಡಿದೆ. ಶೆಡ್ಡಿನ ಮೇಲೆ ಹೊಗೆಯೇ ಇಲ್ಲ. ಎಂಜಿನ್ ನಿಂತೇಹೋಯಿತೇ ಎಂದು ಕಿಟಕಿಯಾಚೆ ಬಗ್ಗಿದೆ. ಅಷ್ಟರಲ್ಲಿ ಮಂಜಿನ ನಡುವೆ ಪಲ್ಪರ್ ಅಂಗಳದ ಬಲ್ಬುಗಳು ಕಂಡವು, ಕರೆಂಟ್ ಇನ್ನೂ ಬಾರದಿದ್ದರೂ ಎಲ್ಲವೂ ಉರಿಯುತ್ತಿದ್ದವು.